ಸಜ್ಜಿಗೆ ‘ಇತ್ತ’ ಕಲಿಸಿದ ಬಗೆ

ಸಜ್ಜಿ ಎಂಬ ನಾಯಿಮರಿ ನಮ್ಮ ಮನೆಗೆ ಬಂದದ್ದು ಜೂನ್ ತಿಂಗಳ ಒಂದು ಮಳೆಯ ಸಂಜೆ. ಲೋಕಾಪುರದ ಹತ್ತಿರ ನನ್ನ ಗಂಡನ ಸೋದರಮಾವನ ಹೊಲವಿದೆ. ಅಲ್ಲಿಂದ ಧಾರವಾಡದವರೆಗೆ ಬಿದಿರಿನ ಬುಟ್ಟಿಯಲ್ಲಿ, ಹಳೆಯ ಸೀರೆಯ ತುಂಡಿನ ಮೇಲೆ ಮಲಗಿಕೊಂಡು ಬಂದಳು. ಆಗ ಅವಳಿಗೆ 50 ದಿನ. ಸಜ್ಜೆ ಹಿಟ್ಟಿನ ಬಣ್ಣದ ಮೈ, ಆ ಮೈಗೆ ಒಪ್ಪದಷ್ಟು ಉದ್ದದ ಕಾಲು, ಎರಡೂ ಮಡಚಿಕೊಂಡ ಕಿವಿ. ಮಗಳು ನೋಡಿದ ಕೂಡಲೇ ಹೆಸರಿಟ್ಟುಬಿಟ್ಟಳು.

ತಾಯಿ ಮುಧೋಳ ನಾಯಿ, ತಂದೆ ತಾನಾಗಿಯೇ ಬಂದು ಹೊಲ ಸೇರಿಕೊಂಡ ಊರನಾಯಿ. ಆ ಸೀಮೆಯಲ್ಲಿ ಮುಧೋಳ ನಾಯಿಯೆಂದರೆ ಅಭಿಮಾನ. ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ, 2005ರಲ್ಲಿ ಅಂಚೆಚೀಟಿಯ ಮೇಲೂ ಅದರ ಚಿತ್ರ ಬಂದಿತ್ತು. ಅಂಥ ಕಡೆ ಕ್ರಾಸ್ ಮರಿ ಯಾರಿಗೂ ಬೇಡ, ಅದರಲ್ಲೂ ಹೆಣ್ಣಾದರೆ ಕೇಳುವುದೇ ಬೇಡ. ಗಂಡು ಮರಿಗಳನ್ನು ಅಕ್ಕಪಕ್ಕದ ಹೊಲದವರು ಕಾವಲಿಗೆಂದು ಒಯ್ದಿದ್ದರು. ಇವಳೊಬ್ಬಳು ಉಳಿದಿದ್ದಳು. ನಮ್ಮಲ್ಲಿ ಅದುವರೆಗೆ ಯಾರೂ ನಾಯಿ ಸಾಕಿರಲಿಲ್ಲ. ಗೊತ್ತಿದ್ದದ್ದು ಒಂದೇ, ನಾಯಿಗೆ ರೊಟ್ಟಿ ಮತ್ತು ಹಾಲು ಸಾಕು ಎಂಬ ಮಾತು. ಅದೂ ಸರಿಯಲ್ಲವೆಂದು ಎರಡನೆಯ ದಿನವೇ ತಿಳಿಯಿತು. ಬಟ್ಟಲು ತುಂಬ ಕೊಟ್ಟ ಎಮ್ಮೆ ಹಾಲಿಗೆ ಮರಿಯ ಹೊಟ್ಟೆ ಕೆಟ್ಟಿತು.

ಮರುದಿನ ಬೆಳಿಗ್ಗೆಯೇ ಪಶುವೈದ್ಯರ ಬಳಿಗೆ ಹೋದೆ. ಅವರು ಹಾಲು ನಿಲ್ಲಿಸಿದರು, ಜಂತುಹುಳುವಿಗೆ ಔಷಧ ಕೊಟ್ಟರು, ಒಂದು ಚಿಕ್ಕ ಪುಸ್ತಕದಲ್ಲಿ ಲಸಿಕೆಯ ದಿನಗಳನ್ನು ಬರೆದುಕೊಟ್ಟರು. ಡಿಸ್ಟೆಂಪರ್, ಪಾರ್ವೊ, ಇಲಿಜ್ವರ ಸೇರಿದ ಲಸಿಕೆ 8ನೇ ವಾರಕ್ಕೆ, ಆಮೇಲೆ 12 ಮತ್ತು 16ನೇ ವಾರಕ್ಕೆ. ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ, ಅಲ್ಲಿಂದ ಮುಂದೆ ಪ್ರತಿ ವರ್ಷ. ಊಟಕ್ಕೆ ಜೋಳದ ರೊಟ್ಟಿಯೊಂದೇ ಸಾಲದು, ಬೆಳೆಯುವ ಮರಿಗೆ ಮೊಟ್ಟೆ, ಬೇಯಿಸಿದ ಕೋಳಿಮಾಂಸ ಬೇಕು ಎಂದರು. ಮಾಂಸ ಕೊಡಿ, ಬೇಯಿಸಿದ ಎಲುಬು ಮಾತ್ರ ಕೊಡಬೇಡಿ, ಚೂರಾಗಿ ಕರುಳಿಗೆ ಚುಚ್ಚುತ್ತದೆ ಎಂಬ ಎಚ್ಚರಿಕೆ ಬೇರೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕಲೇಟ್ ನಾಯಿಗೆ ವಿಷ. ನಮ್ಮ ಸಾರು, ಪಲ್ಯ ಯಾವುದರಲ್ಲಿ ಈರುಳ್ಳಿ ಇರುವುದಿಲ್ಲ? ಉಳಿದ ಸಾರನ್ನು ನಾಯಿಯ ತಟ್ಟೆಗೆ ಸುರಿಯುವ ಯೋಚನೆಯನ್ನು ಅಂದೇ ಬಿಟ್ಟೆವು.

ಅವರು ಹೇಳಿದ ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಸುಮಾರು ಮೂರನೆಯ ವಾರದಿಂದ ಹದಿನಾಲ್ಕನೆಯ ವಾರದವರೆಗೆ ಮರಿ ಏನನ್ನು ಹೆದರದೆ ನೋಡುತ್ತದೆಯೋ, ಮುಂದೆ ಅದನ್ನು ಲೋಕದ ಭಾಗವೆಂದು ಒಪ್ಪಿಕೊಳ್ಳುತ್ತದೆ. ಆದರೆ ಲಸಿಕೆಗಳು ಮುಗಿಯುವುದು ಹದಿನಾರನೆಯ ವಾರಕ್ಕೆ, ಅಲ್ಲಿಯವರೆಗೆ ಬೀದಿಯ ನೆಲಕ್ಕೆ ಬಿಡುವಂತಿಲ್ಲ. ಹಾಗಿದ್ದರೆ ನೆಲಕ್ಕೆ ಬಿಡದೆ ತೋರಿಸಬೇಕು. ಸಂತೆಯ ಕೈಚೀಲದಲ್ಲಿ ಟವೆಲ್ ಹಾಸಿ, ಸಜ್ಜಿಯನ್ನು ಕೂರಿಸಿಕೊಂಡು ದಿನಕ್ಕೆ ಅರ್ಧ ಗಂಟೆ ತಿರುಗಿದೆ. ಮಾಳಮಡ್ಡಿಯಲ್ಲಿ ನಮ್ಮ ಮನೆ, ರೈಲು ನಿಲ್ದಾಣ ಹತ್ತಿರ. ಗಾಡಿ ಬರುವ ಹೊತ್ತಿಗೆ ದೂರದಲ್ಲಿ ನಿಂತು, ಸೀಟಿ ಕೇಳಿದಾಗಲೆಲ್ಲ ಚೂರು ಮೊಟ್ಟೆ ಕೊಡುತ್ತಿದ್ದೆ. ದಿನಕ್ಕೆ ಹತ್ತು ಹೆಜ್ಜೆ ಹತ್ತಿರವಾಗುತ್ತ ಹೋದೆವು. ಸುಭಾಷ್ ರಸ್ತೆಯ ಗದ್ದಲ, ಛತ್ರಿ ಬಿಚ್ಚುವುದು, ಕೋಲೂರಿ ನಡೆಯುವ ಅಜ್ಜ, ಶಾಲೆ ಬಿಟ್ಟ ಮಕ್ಕಳು, ಹೆಲ್ಮೆಟ್ ಹಾಕಿದ ಮುಖ, ಎಲ್ಲವೂ ಚೀಲದ ಅಂಚಿನಿಂದಲೇ ಅವಳಿಗೆ ಪರಿಚಯವಾದವು. ಊರನಾಯಿಯ ರಕ್ತದಲ್ಲಿ ಸಂಶಯ ಹೆಚ್ಚು. ಅಪರಿಚಿತರನ್ನು ನಂಬದೆ ಬದುಕಿ ಬಂದ ಕುಲವದು. ಆ ಆರು ವಾರ ನಾನು ಚೀಲ ಹೊರದೆ ಇದ್ದಿದ್ದರೆ ಸಜ್ಜಿ ಇಂದು ಗೇಟಿನ ಸದ್ದಿಗೆಲ್ಲ ಮಂಚದ ಕೆಳಗೆ ಸೇರುತ್ತಿದ್ದಳು ಎಂದು ನಾನು ನಂಬಿದ್ದೇನೆ.

ಹೊರಗೆ ಹೋಗಿ ಉಚ್ಚೆ ಮಾಡುವುದನ್ನು ಕಲಿಸಲು ಐದು ವಾರ ಹಿಡಿಯಿತು. ಇದರಲ್ಲಿ ಗುಟ್ಟೇನೂ ಇಲ್ಲ, ನಿದ್ದೆಗೆಡಬೇಕು ಅಷ್ಟೆ. ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ, ಅದಲ್ಲದೆ ಎರಡು ಗಂಟೆಗೊಮ್ಮೆ ಹಿತ್ತಲಿನ ಒಂದೇ ಜಾಗಕ್ಕೆ ಒಯ್ಯಬೇಕು. ಮಾಡಿದ ಮರುಕ್ಷಣವೇ, ಅಲ್ಲಿಯೇ ಬಹುಮಾನ ಕೊಡಬೇಕು, ಒಳಗೆ ಬಂದ ಮೇಲೆ ಅಲ್ಲ. ಒಳಗೆ ಮಾಡಿದರೆ ಬೈಯದೆ ಒರೆಸಬೇಕು. ನಾನು ಮೊದಲ ವಾರ ಬೈದೆ. ಅವಳು ಕಲಿತದ್ದು ನನ್ನ ಕಣ್ಣಿಗೆ ಬೀಳದಂತೆ ಸೋಫಾದ ಹಿಂದೆ ಹೋಗಿ ಮಾಡುವುದನ್ನು. ನೆಲಕ್ಕೆ ಫಿನೈಲ್ ಹಾಕುವುದನ್ನೂ ಬಿಟ್ಟೆ, ಮರಿ ನೆಲ ನೆಕ್ಕುತ್ತದೆ. ನೀರಿಗೆ ವಿನೆಗರ್ ಬೆರೆಸಿ ಒರೆಸಿದರೆ ವಾಸನೆ ಹೋಗುತ್ತದೆ. ವಾಸನೆ ಉಳಿದ ಜಾಗಕ್ಕೆ ಮರಿ ಮತ್ತೆ ಬಂದೇ ಬರುತ್ತದೆ.

ಕಚ್ಚಾಟದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೊದಲ ಸಲ ಸಾಕುವವರು ಸೋತು ಮರಿಯನ್ನು ಹಿಂದಿರುಗಿಸುವುದು ಹೆಚ್ಚಾಗಿ ಈ ಹಂತದಲ್ಲಿ. ಮರಿಗೆ 28 ಹಾಲುಹಲ್ಲು, ಒಂದೊಂದೂ ಸೂಜಿ. ಮಗಳ ಲಂಗದ ಅಂಚು, ನನ್ನ ಸೆರಗು, ಅತ್ತೆಯವರ ಕಾಲ್ಬೆರಳು ಯಾವುದನ್ನೂ ಬಿಡಲಿಲ್ಲ. ಮೂತಿಗೆ ಬಾರಿಸಿ ಎಂದವರು ಹಲವರು. ಒಮ್ಮೆ ಮೆಲ್ಲಗೆ ಬಾರಿಸಿದೆ, ಅವಳು ಅದನ್ನು ಆಟವೆಂದು ತಿಳಿದು ಇನ್ನೂ ಜೋರಾಗಿ ಎಗರಿದಳು. ಫಲ ಕೊಟ್ಟದ್ದು ಬೇರೆ ಉಪಾಯ. ಹಲ್ಲು ಚರ್ಮಕ್ಕೆ ತಾಗಿದ ಕ್ಷಣ ಮಾತಿಲ್ಲದೆ ಎದ್ದು, ಬಾಗಿಲಾಚೆ ಹೋಗಿ ಅರ್ಧ ನಿಮಿಷ ನಿಲ್ಲುವುದು, ಮತ್ತೆ ಬಂದು ಆಟ ಮುಂದುವರಿಸುವುದು. ಮೊದಲ ದಿನ ಮೂವತ್ತು ಸಲ ಎದ್ದಿರಬೇಕು. ಮೂರನೆಯ ವಾರಕ್ಕೆ ಕೈ ಬಾಯೊಳಗೆ ಹೋದರೂ ಒತ್ತುತ್ತಿರಲಿಲ್ಲ. ಹಲ್ಲು ಬೀಳುವ ನಾಲ್ಕನೆಯ ತಿಂಗಳಲ್ಲಿ ಹಳೆಯ ಟವೆಲನ್ನು ಒದ್ದೆ ಮಾಡಿ, ಹುರಿಯಂತೆ ತಿರುಚಿ, ಫ್ರಿಜ್‌ನಲ್ಲಿ ಗಟ್ಟಿಯಾಗಿಸಿ ಕೊಡುತ್ತಿದ್ದೆ. ಒಂದು ಬೆಳಿಗ್ಗೆ ಕಸ ಗುಡಿಸುವಾಗ ಚಾಪೆಯ ಮೇಲೆ ಅಕ್ಕಿಕಾಳಿನಂಥದ್ದೇನೋ ಸಿಕ್ಕಿತು. ಅಂಗೈಯಲ್ಲಿಟ್ಟು ನೋಡಿದರೆ ಹಲ್ಲು, ಬುಡ ಟೊಳ್ಳು, ಅಂಚಿನಲ್ಲಿ ಕೆಂಪು ಗೆರೆ. ಮಗಳು ಅದನ್ನು ಕುಂಕುಮದ ಭರಣಿಯಲ್ಲಿ ಇಟ್ಟುಕೊಂಡಿದ್ದಾಳೆ.

ಇದೇ ಹಂತದಲ್ಲಿ, ರೇಬೀಸ್ ಲಸಿಕೆಗೆ ಮುಂಚೆ, ಆಟದ ಭರದಲ್ಲಿ ಮಗಳ ಮುಂಗೈಗೆ ಹಲ್ಲು ತಾಗಿ ರಕ್ತ ಬಂತು. ಮನೆಯದೇ ಮರಿ, ಏನಾಗುತ್ತದೆ ಎಂದರು ಪಕ್ಕದವರು. ನಾನು ಕೇಳಲಿಲ್ಲ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆದೆ, ಅಂದೇ ಆಸ್ಪತ್ರೆಗೆ ಕರೆದೊಯ್ದೆ, ವೈದ್ಯರು ಹೇಳಿದ ಎಲ್ಲ ಚುಚ್ಚುಮದ್ದನ್ನೂ ತಪ್ಪದೆ ಹಾಕಿಸಿದೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವ ದಾರಿಯಿಲ್ಲ. ಇದರಲ್ಲಿ ಯಾರ ಮಾತಿಗೂ ಕಿವಿಗೊಡಬಾರದು.

ಇನ್ನು ಕರೆದಾಗ ಬರುವುದು. ನಾನು ಮಾಡಿದ ದೊಡ್ಡ ತಪ್ಪು ಇದರಲ್ಲೇ ಇದೆ. ಎರಡು ತಿಂಗಳ ಮರಿ ‘ಸಜ್ಜಿ, ಬಾ’ ಎಂದರೆ ಉರುಳಿಕೊಂಡು ಓಡಿಬರುತ್ತಿತ್ತು. ಕಲಿತುಬಿಟ್ಟಿದ್ದಾಳೆ ಎಂದುಕೊಂಡು ಅದನ್ನೇ ಎಲ್ಲದಕ್ಕೂ ಬಳಸಿದೆ. ಬಾ ಎಂದು ಕರೆದು ಸ್ನಾನ ಮಾಡಿಸಿದೆ, ಕಿವಿಗೆ ಔಷಧ ಬಿಟ್ಟೆ, ಚಪ್ಪಲಿ ಕಡಿದಾಗ ಗದರಿದೆ, ಕಚೇರಿಗೆ ಹೊರಡುವಾಗ ಕೋಣೆಯಲ್ಲಿ ಕೂಡಿಹಾಕಿದೆ. ನಾಲ್ಕನೆಯ ತಿಂಗಳಿಗೆ ಅವಳು ಹತ್ತು ಅಡಿ ದೂರದಲ್ಲೇ ನಿಂತು, ಬಾಲ ತಗ್ಗಿಸಿ, ನನ್ನ ಕೈಯಲ್ಲೇನಿದೆ ಎಂದು ನೋಡುತ್ತಿದ್ದಳು. ‘ಬಾ’ ಎಂದರೆ ಸಂತೋಷ ಮುಗಿಯಿತು ಎಂದು ಅರ್ಥ. ಆ ಅರ್ಥವನ್ನು ಕಲಿಸಿದವಳು ನಾನೇ. ಅದಲ್ಲದೆ ಆ ಮಾತು ಮನೆತುಂಬ ಇತ್ತು. ಅತ್ತೆ ‘ಬಾರವ್ವಾ’ ಎಂದು ಮುದ್ದಿಸುತ್ತಿದ್ದರು, ಮಗಳು ‘ಬಾ ಬಾ ಬಾ’ ಎಂದು ಹಾಡುತ್ತಿದ್ದಳು, ಬಾಗಿಲಿಗೆ ಬಂದವರಿಗೆಲ್ಲ ನಾವು ಬನ್ನಿ, ಬಾ ಎನ್ನುತ್ತಿದ್ದೆವು. ನಾಯಿ ಯಾವುದನ್ನೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು?

ಮನೆಮಂದಿಯ ನಾಲಿಗೆಯನ್ನು ತಿದ್ದಲು ಹೋಗಲಿಲ್ಲ. ಅತ್ತೆಯವರಿಗೆ, “ನೀವು ಬಾರವ್ವಾ ಎಂದೇ ಕರೆಯಿರಿ, ಅದು ನಿಮ್ಮಿಬ್ಬರದು. ಆದರೆ ‘ಇತ್ತ’ ಎಂಬ ಮಾತನ್ನು ಮಾತ್ರ ಯಾರೂ ಸುಮ್ಮನೆ ಆಡಬೇಡಿ” ಎಂದು ಹೇಳಿದೆ. ನಮ್ಮ ಮನೆಯ ಮಾತಿನಲ್ಲಿ ‘ಇತ್ತ’ ಬರುವುದು ಕಡಿಮೆ, ಎರಡನೆಯ ಅಕ್ಷರಕ್ಕೆ ಒತ್ತಿರುವುದರಿಂದ ದೂರಕ್ಕೂ ಸ್ಪಷ್ಟವಾಗಿ ಕೇಳುತ್ತದೆ. ಅತ್ತೆ ಒಪ್ಪಿದರು. ಅಷ್ಟೇ ಅಲ್ಲ, ಮರೆತು ಬಳಸಿದವರನ್ನು ಅವರೇ ತಡೆಯುತ್ತಿದ್ದರು.

ಅಡುಗೆಮನೆಯಲ್ಲಿ, ಒಂದು ಹೆಜ್ಜೆ ದೂರದಿಂದ ಆರಂಭಿಸಿದೆ. ಸಜ್ಜಿ ತಾನಾಗಿ ನನ್ನ ಕಡೆ ತಿರುಗಿ ಹೆಜ್ಜೆ ಎತ್ತಿದಾಗ ‘ಇತ್ತ’ ಎನ್ನುವುದು, ತಲುಪಿದ ಕೂಡಲೇ ಶೇಂಗಾಕಾಳಿನಷ್ಟು ಬೇಯಿಸಿದ ಕೋಳಿ ಕೊಡುವುದು. ಮೊದಲ ವಾರ ನಾನು ಅವಳನ್ನು ಕರೆಯಲೇ ಇಲ್ಲ, ಅವಳು ಬರುವುದಕ್ಕೆ ಒಂದು ಹೆಸರು ಕೊಟ್ಟೆ, ಅಷ್ಟೆ. ಆಮೇಲೆ ಕೋಣೆಯಿಂದ ಕೋಣೆಗೆ, ಹಿತ್ತಲಿಗೆ, ಬಯಲಿಗೆ 30 ಅಡಿ ಹತ್ತಿಯ ಹಗ್ಗ ಕಟ್ಟಿ. ಕೆಲವು ಕಟ್ಟುಪಾಡುಗಳನ್ನು ಮಾಡಿಕೊಂಡೆ. ಒಮ್ಮೆ ಮಾತ್ರ ಹೇಳಬೇಕು. ಬರದಿದ್ದರೆ ಮತ್ತೆ ಮತ್ತೆ ಕೂಗದೆ, ದೂರ ಕಡಿಮೆ ಮಾಡಿಕೊಂಡು ಮತ್ತೆ ಆರಂಭಿಸಬೇಕು. ಸ್ನಾನಕ್ಕೆ, ಔಷಧಕ್ಕೆ, ಕೂಡಿಹಾಕುವುದಕ್ಕೆ ಆ ಮಾತು ಬಳಸಬಾರದು, ನಾನೇ ಹೋಗಿ ಕರೆತರಬೇಕು. ಬಂದಾಗ ಕೊರಳಪಟ್ಟಿಯನ್ನು ಮೃದುವಾಗಿ ಹಿಡಿದು, ತಿನ್ನಿಸಿ, ಹತ್ತರಲ್ಲಿ ಒಂಬತ್ತು ಸಲ ‘ಹೋಗು’ ಎಂದು ಮತ್ತೆ ಆಟಕ್ಕೆ ಬಿಡಬೇಕು. ಈ ಕೊನೆಯದನ್ನು ಯಾರೂ ಹೇಳಿಕೊಡಲಿಲ್ಲ. ಬಂದರೂ ಆಟ ಮುಗಿಯುವುದಿಲ್ಲ ಎಂದು ಅವಳಿಗೆ ನಂಬಿಕೆ ಬಂದ ದಿನದಿಂದಲೇ ಎಲ್ಲವೂ ಬದಲಾಯಿತು. ದಿನಕ್ಕೆ ಇಪ್ಪತ್ತು ಸಲ, ಒಂದೊಂದೂ ಅರ್ಧ ನಿಮಿಷ. ಕುಕ್ಕರ್ ಕೂಗುವ ನಡುವೆ ಆಗುವ ಕೆಲಸ.

ಹತ್ತನೆಯ ತಿಂಗಳಲ್ಲಿ ಪರೀಕ್ಷೆ ಬಂತು. ಮುಧೋಳದ ಗುಣ ಆ ಹೊತ್ತಿಗೆ ಅವಳ ಮೈಯಲ್ಲಿ ಎದ್ದು ಕಾಣುತ್ತಿತ್ತು. ಉದ್ದ ಕತ್ತು, ಕಿರಿದಾದ ತಲೆ. ಇಂಥ ನಾಯಿಯ ತಲೆ ಕತ್ತಿಗಿಂತ ದಪ್ಪವಲ್ಲ, ಸಾಮಾನ್ಯ ಕೊರಳಪಟ್ಟಿ ಹಿಂದಕ್ಕೆ ಜಗ್ಗಿದರೆ ಕಳಚುತ್ತದೆ. ಅದು ನನಗೆ ಗೊತ್ತಿರಲಿಲ್ಲ. ರಸ್ತೆಯ ಅಂಚಿನಲ್ಲಿ ಲಾರಿಯೊಂದು ಜೋರಾಗಿ ಹಾರ್ನ್ ಹೊಡೆಯಿತು, ಸಜ್ಜಿ ಬೆಚ್ಚಿ ಹಿಂದಕ್ಕೆ ಸರಿದಳು, ಬರಿದಾದ ಪಟ್ಟಿ ನನ್ನ ಕೈಯಲ್ಲಿ ತೂಗುತ್ತಿತ್ತು. ಅವಳು ರಸ್ತೆಯ ಆಚೆ ಬದಿಗೆ ಮುಖ ಮಾಡಿ ನಿಂತಿದ್ದಳು, ಹದಿನೈದು ಅಡಿ ದೂರ. ಬೆನ್ನಟ್ಟಿದ್ದರೆ ಓಡುತ್ತಿದ್ದಳು. ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗುವುದು ಅವಳ ತಾಯಿಯ ಕಡೆಯ ಬಳುವಳಿ, ಅದನ್ನೇ ಬಳಸಿದೆ. ‘ಇತ್ತ’ ಎಂದು ಒಮ್ಮೆ ಕೂಗಿ, ಬೆನ್ನು ತಿರುಗಿಸಿ ಮನೆಯ ಕಡೆಗೆ ಓಡಿದೆ. ತಿರುಗಿ ನೋಡಬಾರದೆಂದು ಹಲ್ಲು ಕಚ್ಚಿ ಓಡಿದೆ. ಎಂಟು ಹತ್ತು ಹೆಜ್ಜೆಯಲ್ಲಿ ನನ್ನ ಪಕ್ಕಕ್ಕೆ ಬಿಸಿ ಉಸಿರು ತಾಗಿತು. ಸೆರಗನ್ನೇ ಅವಳ ಕೊರಳಿಗೆ ಸುತ್ತಿ, ನೆಲದ ಮೇಲೆ ಕುಳಿತು, ಕೈಚೀಲದಲ್ಲಿದ್ದ ಕೋಳಿಯನ್ನೆಲ್ಲ ಒಂದೊಂದೇ ಚೂರಾಗಿ ತಿನ್ನಿಸಿದೆ.

ಮರುದಿನವೇ ಎದೆಗೂ ಬೆನ್ನಿಗೂ ಬರುವ ಪಟ್ಟಿ ತಂದೆ. ಅದಕ್ಕಿಂತ ಮುಂಚೆ, ಎಂಟನೆಯ ತಿಂಗಳಲ್ಲಿ, ಉಣ್ಣಿಜ್ವರ ಬಂದು ಹೋಗಿತ್ತು. ಎರಡು ಹೊತ್ತು ತಟ್ಟೆ ಮುಟ್ಟಲಿಲ್ಲ, ವಸಡು ಬಿಳಿಚಿತ್ತು. ಅಂದೇ ರಕ್ತಪರೀಕ್ಷೆ ಮಾಡಿಸಿದ್ದರಿಂದ ಉಳಿದಳು, 28 ದಿನ ಮಾತ್ರೆ ನಡೆಯಿತು. ಹುಲ್ಲಿನಲ್ಲಿ ಅಡ್ಡಾಡಿ ಬಂದ ಮೇಲೆ ಬೆರಳಿನ ಸಂದು, ಕಿವಿಯೊಳಗು, ಬಾಲದ ಬುಡ ನೋಡದೆ ಈಗ ಅವಳನ್ನು ಕೌದಿಯ ಮೇಲೆ ಮಲಗಲು ಬಿಡುವುದಿಲ್ಲ.

ಸಜ್ಜಿಗೆ ಈಗ ಮೂರು ವರ್ಷ. ಬಲಗಿವಿ ನೆಟ್ಟಗೆ ನಿಂತಿತು, ಎಡಗಿವಿ ಮಡಚಿಕೊಂಡೇ ಉಳಿಯಿತು. ಭಾನುವಾರ ಕೆಲಗೇರಿ ಕೆರೆಯ ಕಡೆ ಹೋಗುತ್ತೇವೆ, ಉದ್ದ ಹಗ್ಗ ಇವತ್ತಿಗೂ ಇರುತ್ತದೆ. ಬೆಳ್ಳಕ್ಕಿ ಎದ್ದ ಮೇಲೆ ‘ಇತ್ತ’ ಎಂದರೆ ಅವಳಿಗೆ ಕೇಳುವುದಿಲ್ಲ. ಏಳುವ ಮುಂಚೆ ಕರೆದರೆ ಬರುತ್ತಾಳೆ. ಆದ್ದರಿಂದ ನಾನು ಹಕ್ಕಿಯನ್ನು ನೋಡುವುದಿಲ್ಲ, ಅವಳ ಎಡಗಿವಿಯನ್ನು ನೋಡುತ್ತೇನೆ. ಅದರ ಮಡಿಕೆ ಬಿಚ್ಚಿ ತುದಿ ಮೇಲೇಳತೊಡಗಿದರೆ, ಕರೆಯುವುದಕ್ಕೆ ನನಗಿರುವುದು ಆ ಒಂದು ಕ್ಷಣ.