ಕ್ರೀಡಾಪಟುವಿನ ವ್ಯಕ್ತಿಚಿತ್ರ ಬರೆಯುವ ಬಗೆ: ಪೆರಿ ವಾಲೇಸ್ ಅವರನ್ನು ಮುಂದಿಟ್ಟುಕೊಂಡು

ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ದಾರಿ ತೆರೆದು, ಮುಂದೆ ಸಾರ್ವಜನಿಕ ಸೇವೆಗೆ ಬಂದ ಆಟಗಾರರ ಬಗ್ಗೆ ಬರೆಯುವವರು, ಅವರು ಯಾವುದರಲ್ಲಿ ಮೊದಲಿಗರು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಅಮೆರಿಕದ ಪೆರಿ ವಾಲೇಸ್ (1948–2017) ಅವರನ್ನೇ ನೋಡಿ. ದಕ್ಷಿಣ ರಾಜ್ಯಗಳ ವಿಶ್ವವಿದ್ಯಾಲಯಗಳು ಸೇರಿದ್ದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಎಂಬ ಕ್ರೀಡಾ ಒಕ್ಕೂಟದಲ್ಲಿ ಕ್ರೀಡಾ ವಿದ್ಯಾರ್ಥಿವೇತನ ಪಡೆದು, ಮುಖ್ಯ ತಂಡದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ ಮೊದಲ ಕಪ್ಪು ಆಟಗಾರ ಅವರು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಈ ಗೌರವ ಕೆಂಟಕಿ ವಿಶ್ವವಿದ್ಯಾಲಯದ ನೇಟ್ ನಾರ್ತಿಂಗ್ಟನ್ ಅವರದು. ಆದ್ದರಿಂದ ಆಟದ ಹೆಸರನ್ನು ಬಿಟ್ಟು ಬರೆದರೆ ವಾಕ್ಯವೇ ತಪ್ಪಾಗುತ್ತದೆ.

ಆ ಕಾಲದ ನಿಯಮಗಳನ್ನೂ ಓದುಗರಿಗೆ ತಿಳಿಸಬೇಕು. ವಾಲೇಸ್ 1966ರಲ್ಲಿ ನ್ಯಾಷ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಓದಲು ಸೇರಿದರೂ ಮುಖ್ಯ ತಂಡದಲ್ಲಿ ಆಡಿದ್ದು 1967ರ ಡಿಸೆಂಬರ್‌ನಿಂದ. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಆಗ ಅಲ್ಲಿ ಅವಕಾಶವಿರಲಿಲ್ಲ. ಚೆಂಡನ್ನು ಮೇಲಿನಿಂದ ಬುಟ್ಟಿಗೆ ತುರುಕುವ ಡಂಕ್ ಅವರ ಬಲವಾಗಿತ್ತು. ಕಾಲೇಜು ಆಟದಲ್ಲಿ ಅದಕ್ಕೆ 1967ರಿಂದ 1976ರವರೆಗೆ ನಿಷೇಧವಿತ್ತೆಂಬುದನ್ನು ಹೇಳದೆ ಅವರ ಅಂಕಗಳನ್ನಷ್ಟೇ ಕೊಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಜನಾಂಗದ್ವೇಷದ ವಾತಾವರಣವಿತ್ತೆಂದು ಒಂದೇ ಸಾಲಿನಲ್ಲಿ ಮುಗಿಸದೆ, ಒಂದು ಪಂದ್ಯವನ್ನು ಆರಿಸಿಕೊಂಡು ವಿವರವಾಗಿ ಬರೆಯಿರಿ. 1968ರಲ್ಲಿ ಮಿಸಿಸಿಪಿಯ ಆಕ್ಸ್‌ಫರ್ಡ್‌ನಲ್ಲಿ ಪ್ರೇಕ್ಷಕರ ಬೈಗುಳದ ನಡುವೆ ಆಡುತ್ತಿದ್ದಾಗ, ಮೊದಲಾರ್ಧದಲ್ಲಿ ವಾಲೇಸ್ ಅವರ ಕಣ್ಣಿಗೆ ಪೆಟ್ಟು ಬಿತ್ತು, ಫೌಲ್ ಘೋಷಣೆಯಾಗಲಿಲ್ಲ. ಬಾತ ಕಣ್ಣಿಗೆ ಚಿಕಿತ್ಸೆ ಪಡೆಯುತ್ತಿದ್ದ ಅವರಿಗಾಗಿ ಕಾಯದೆ ಸಹ ಆಟಗಾರರು ದ್ವಿತೀಯಾರ್ಧಕ್ಕೆ ಅಂಕಣಕ್ಕಿಳಿದಿದ್ದರು. ಕೂಗಾಡುವ ಜನರ ಎದುರು ಅವರು ಒಬ್ಬರೇ ನಡೆದು ಬರಬೇಕಾಯಿತು. ಎದುರಾಳಿಗಳ ಹಗೆತನದ ಜೊತೆಗೆ ತನ್ನವರ ಉದಾಸೀನವೂ ಇತ್ತೆಂಬುದನ್ನು ಈ ಘಟನೆ ತೋರಿಸುತ್ತದೆ, ಲೇಖಕರು ಸಾಮಾನ್ಯವಾಗಿ ಬಿಟ್ಟುಬಿಡುವುದೂ ಇದನ್ನೇ.

ಆಟದ ನಂತರದ ಬದುಕನ್ನು ಕೊನೆಯ ಪ್ಯಾರಾದಲ್ಲಿ ತುರುಕಬೇಡಿ. 1970ರಲ್ಲಿ ಕಾಲೇಜು ಮುಗಿಸುವಾಗ, ತಾವು ಅನುಭವಿಸಿದ ಒಂಟಿತನವನ್ನು ಪತ್ರಿಕೆಯೊಂದಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದ್ದರಿಂದ ಊರಿನ ಹಲವರು ಮುನಿಸಿಕೊಂಡರು, ವಾಲೇಸ್ ನ್ಯಾಷ್‌ವಿಲ್ ತೊರೆದರು. 1975ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದು, ಮುಂದೆ ಕೇಂದ್ರ ಸರ್ಕಾರದ ನ್ಯಾಯ ಇಲಾಖೆಯಲ್ಲಿ ವಕೀಲರಾಗಿ ಕೆಲಸ ಮಾಡಿ, ಆಮೇಲೆ ವಾಷಿಂಗ್ಟನ್‌ನ ಅಮೆರಿಕನ್ ಯೂನಿವರ್ಸಿಟಿಯಲ್ಲಿ ಪ್ರಾಧ್ಯಾಪಕರಾದರು. ಹುದ್ದೆಗಳ ಪಟ್ಟಿ ಕೊಟ್ಟರೆ ಸಾಲದು. ಪರಿಸರ ಕಾನೂನು ಅವರ ಕ್ಷೇತ್ರವಾಗಿತ್ತೆಂದು ತಿಳಿಸಿ. ವ್ಯಾಂಡರ್‌ಬಿಲ್ಟ್ ಅವರ 25ನೇ ಸಂಖ್ಯೆಯ ಜೆರ್ಸಿಯನ್ನು ಗೌರವಾರ್ಥವಾಗಿ ನಿವೃತ್ತಿಗೊಳಿಸಿದ್ದು 2004ರಲ್ಲಿ. ಅದನ್ನು ಆಟದ ಭಾಗಕ್ಕೆ ಸೇರಿಸದೆ, ಪ್ರಾಧ್ಯಾಪಕ ವೃತ್ತಿಯ ವರ್ಷಗಳ ನಡುವೆಯೇ ಇಡಿ.