ಎದೆ, ಹೊಟ್ಟೆಗೆ ಇರಿತ: ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ

ಕಾರ ಹುಣ್ಣಿಮೆಯಲ್ಲಿ ಎತ್ತು ತಿವಿದಿರಲಿ, ಜಗಳದಲ್ಲಿ ಚಾಕು ಬಿದ್ದಿರಲಿ, ಕಟ್ಟಡದಿಂದ ಜಾರಿ ಸರಳು ನಟ್ಟಿರಲಿ, ಚರ್ಮದ ತೂತು ನೋಡಿ ಗಾಯ ಅಳೆಯಬೇಡಿ. ಕೊಂಬಿನ ಗಾಯವಂತೂ ಮಹಾ ಮೋಸದ್ದು. ತಿವಿದ ಎತ್ತು ತಲೆ ಕೊಡವುತ್ತದೆ. ಹೊರಗೆ ಒಂದೇ ಬಾಯಿ ಕಂಡರೂ ಒಳಗೆ ಎರಡು ಮೂರು ದಾರಿ ಇರಬಹುದು, ಜೊತೆಗೆ ಮಣ್ಣು, ಸಗಣಿ. ಅದನ್ನು ಹೊಲಿದು ಮುಚ್ಚಬೇಡಿ.

ಬಟ್ಟೆ ಕತ್ತರಿಸಿ ಬೆನ್ನು, ಕಂಕುಳು, ತೊಡೆಸಂದಿ ನೋಡಿ. ಉಸಿರು ಬಿಟ್ಟಾಗ ವಪೆ (ಎದೆ, ಹೊಟ್ಟೆಯ ನಡುವಿನ ಸ್ನಾಯುಪರದೆ) ಮೊಲೆತೊಟ್ಟಿನ ಮಟ್ಟಕ್ಕೆ ಏರುತ್ತದೆ. ಹಾಗಾಗಿ ಅದಕ್ಕಿಂತ ಕೆಳಗಿನ ಎದೆಗಾಯವನ್ನು ಹೊಟ್ಟೆಗಾಯವೆಂದೂ ಎಣಿಸಿ. ನಟ್ಟ ವಸ್ತುವನ್ನು ಕೀಳಬೇಡಿ, ಹರಿದ ರಕ್ತನಾಳಕ್ಕೆ ಅದೇ ಬಿರಡೆಯಾಗಿರಬಹುದು. ಹೊರಬಂದ ಕರುಳನ್ನು ಒಳಗೆ ತಳ್ಳದೆ ಬೆಚ್ಚಗಿನ ಸಲೈನಿನಲ್ಲಿ ತೋಯಿಸಿದ ಮಾಪ್ (ಆಪರೇಷನ್ನಿನ ದೊಡ್ಡ ಬಟ್ಟೆಯ ಪ್ಯಾಡ್) ಹೊದಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಇಡಿ. ಬಾಯಿಗೆ ಏನೂ ಬೇಡ, ಮನೆಯವರು ತಂದ ಎಳನೀರೂ ಬೇಡ.

ಒಂದು ಕಡೆ ಉಸಿರಿನ ಸದ್ದಿಲ್ಲ, ಬಿಪಿ ಬೀಳುತ್ತಿದೆ ಎಂದರೆ ಎದೆಯಲ್ಲಿ ಗಾಳಿ ಸಿಕ್ಕಿಕೊಂಡು ಶ್ವಾಸಕೋಶ, ಹೃದಯವನ್ನು ಒತ್ತುತ್ತಿರಬಹುದು, ಎಕ್ಸ್‌ರೇಗೆ ಕಳಿಸಬೇಡಿ. ಕತ್ತಿನ ನರ ಉಬ್ಬಿಲ್ಲವೆಂದು ಸುಮ್ಮನಿರಬೇಡಿ. ರಕ್ತ ಸೋರಿದವನಲ್ಲಿ ಅದು ಉಬ್ಬದೇ ಇರಬಹುದು. ಐದನೇ ಪಕ್ಕೆಲುಬಿನ ಸಂದಿಯಲ್ಲಿ, ಕಂಕುಳಿನ ನಡುಗೆರೆಗೆ ತುಸು ಮುಂದೆ, ಉದ್ದನೆಯ ದಪ್ಪ ಸೂಜಿ ಹಾಕಿ ಗಾಳಿ ಬಿಡಿ. ಅದಾದ ಕೂಡಲೇ ಎದೆಗೆ ಟ್ಯೂಬ್ (ಗಾಳಿ, ರಕ್ತ ಹೊರಬಿಡುವ ಕೊಳವೆ).

ಟ್ಯೂಬ್ 28 ಅಥವಾ 32 ನಂಬರಿನದು. 1% ಲಿಗ್ನೋಕೇನ್ (ಮರಗಟ್ಟಿಸುವ ಮದ್ದು) 15 ಎಂಎಲ್, 2–3 ಸೆಂ.ಮೀ. ಕೊಯ್ತ. ಆರ್ಟರಿ ಫೋರ್ಸೆಪ್ಸನ್ನು ಕೆಳಗಿನ ಎಲುಬಿನ ಮೇಲಂಚಿಗೆ ಆತುಕೊಂಡೇ ತೂರಿಸಿ, ಏಕೆಂದರೆ ಎಲುಬಿನ ಕೆಳಅಂಚಿನಲ್ಲಿ ರಕ್ತನಾಳ ಓಡುತ್ತದೆ. ಬೆರಳು ಒಳಗಿಟ್ಟು ಒಮ್ಮೆ ಸುತ್ತಾಡಿಸಿ: ಶ್ವಾಸಕೋಶ ಅಂಟಿಕೊಂಡಿದೆಯೇ, ಕೈಗೆ ಸಿಕ್ಕಿದ್ದು ಲಿವರೇ ಎಂದು ಅಲ್ಲೇ ಗೊತ್ತಾಗುತ್ತದೆ. ಟ್ರೋಕಾರ್ (ಟ್ಯೂಬ್ ತೂರಿಸುವ ಚೂಪು ಸಲಾಕೆ) ಮುಟ್ಟಲೇಬೇಡಿ. ಟ್ಯೂಬಿನ ಕೊನೆಯ ತೂತು ಎದೆಯೊಳಗಿರಬೇಕು. ಹೊರಗುಳಿದರೆ ಚರ್ಮದಡಿ ಗಾಳಿ ತುಂಬುತ್ತದೆ. ದಪ್ಪ ಸಿಲ್ಕಿನಿಂದ ಬಿಗಿದು ಕಟ್ಟಿ. ಟ್ಯೂಬಿಗೆ ಜೋಡಿಸಿದ ಬಾಟಲಿಯ ಕೊಳವೆ ನೀರಿನಲ್ಲಿ 2 ಸೆಂ.ಮೀ. ಮುಳುಗಿ, ಉಸಿರಿನೊಂದಿಗೆ ನೀರು ಮೇಲೆ ಕೆಳಗೆ ಆಡಬೇಕು. ಆಡದಿದ್ದರೆ ಮೊದಲು ಟ್ಯೂಬ್ ಮಡಚಿದೆಯೇ ನೋಡಿ.

ಹಾಕಿದ ಕೂಡಲೇ 1500 ಎಂಎಲ್ ರಕ್ತ ಬಂದರೆ, ಇಲ್ಲವೇ ಗಂಟೆಗೆ 200 ಎಂಎಲ್‌ನಂತೆ 2–4 ಗಂಟೆ ಸುರಿದರೆ ಎದೆ ತೆರೆಯಬೇಕಾದ ಕೇಸು. ಎದೆಮೂಳೆಯ ಪಕ್ಕದ ಗಾಯ, ಟ್ಯೂಬಿನ ನಂತರವೂ ಏಳದ ಬಿಪಿ ಇದ್ದರೆ ಹೃದಯದ ಸುತ್ತ ರಕ್ತ ಕಟ್ಟಿದೆಯೇ ಎಂದು ಸ್ಕ್ಯಾನ್ ಪ್ರೋಬ್ ಇಟ್ಟು ನೋಡಿ.

ಸಲೈನ್ ಸುರಿಯುವ ಚಟ ಬಿಡಿ. ಮೇಲಿನ ಬಿಪಿ 80–90 ಸಾಕು (ತಲೆಗೆ ಪೆಟ್ಟಿದ್ದರೆ ಈ ಲೆಕ್ಕ ಬೇರೆ). ಹೆಚ್ಚಿಸಿದರೆ ಹೆಪ್ಪುಗಟ್ಟಿದ್ದು ಕಿತ್ತು ಮತ್ತೆ ಸೋರುತ್ತದೆ. 250 ಎಂಎಲ್‌ನಂತೆ ಕೊಡಿ, ರಕ್ತಕ್ಕೆ ಹೇಳಿಕಳಿಸಿ. ಟ್ರಾನೆಕ್ಸಾಮಿಕ್ ಆಸಿಡ್ (ರಕ್ತ ಸೋರಿಕೆ ತಗ್ಗಿಸುವ ಮದ್ದು) 1 ಗ್ರಾಂ ಹತ್ತು ನಿಮಿಷದಲ್ಲಿ, ಗಾಯವಾದ ಮೂರು ಗಂಟೆಯೊಳಗೆ. ಆಂಟಿಬಯೋಟಿಕ್, ಧನುರ್ವಾಯು ಚುಚ್ಚುಮದ್ದು ಮರೆಯಬೇಡಿ.

ಬಿಪಿ ನಿಲ್ಲದಿದ್ದರೆ, ಹೊಟ್ಟೆ ಹಲಗೆಯಂತೆ ಬಿಗಿದಿದ್ದರೆ, ಕರುಳು ಹೊರಬಂದಿದ್ದರೆ ಸಿಟಿ ಸ್ಕ್ಯಾನ್ ಬೇಡ, ನೇರ ಲ್ಯಾಪರಾಟಮಿ (ಹೊಟ್ಟೆ ತೆರೆಯುವ ಆಪರೇಷನ್). ಎದೆಗೂ ಗಾಯವಿದ್ದರೆ ಟ್ಯೂಬ್ ಹಾಕಿಯೇ ಅನಸ್ತೇಸಿಯಾ ಕೊಡಿಸಿ. ವೆಂಟಿಲೇಟರ್ ಒತ್ತಿದ ಗಾಳಿ ಎದೆಯಲ್ಲಿ ತುಂಬಿ ಟೇಬಲ್ ಮೇಲೇ ಹೃದಯ ನಿಂತೀತು. ಮೈ ತಣ್ಣಗಾಗಿ ರಕ್ತ ಹೆಪ್ಪುಗಟ್ಟುವುದು ನಿಂತವನಲ್ಲಿ ಪೂರ್ತಿ ರಿಪೇರಿಗೆ ಕೂರಬೇಡಿ: ನಾಲ್ಕು ಮೂಲೆಗೂ ಮಾಪ್ ತುರುಕಿ, ಹರಿದ ಕರುಳು ಕಟ್ಟಿ, ಮಾಪ್ ಎಣಿಸಿ ಬರೆದು, ಹೊಟ್ಟೆ ತಾತ್ಕಾಲಿಕವಾಗಿ ಮುಚ್ಚಿ. ಮಿಕ್ಕದ್ದು 24–48 ಗಂಟೆ ಬಿಟ್ಟು.

ನಿಮ್ಮಲ್ಲಿ ಸರ್ಜನ್, ರಕ್ತ ಇಲ್ಲದಿದ್ದರೆ ತಡಮಾಡದೆ 108. ಸಿರುಗುಪ್ಪದಿಂದ ಬಳ್ಳಾರಿ, ಸಿಂಧನೂರಿನಿಂದ ರಾಯಚೂರು, ಕುಷ್ಟಗಿಯಿಂದ ಕೊಪ್ಪಳ, ಯಾವ ದಾರಿಯೂ ಹತ್ತು ನಿಮಿಷದ್ದಲ್ಲ. ಟ್ಯೂಬ್ ಇಲ್ಲಿಯೇ ಹಾಕಿ ಹೊರಡಿಸಿ. ದಾರಿಯಲ್ಲಿ ಟ್ಯೂಬಿಗೆ ಕ್ಲ್ಯಾಂಪ್ ಹಾಕಬಾರದು, ಬಾಟಲಿ ಎದೆಗಿಂತ ಕೆಳಗಿರಲಿ. ಮುಂದಿನವರಿಗೆ ಫೋನ್ ಮಾಡಿ, ಚೀಟಿಯಲ್ಲಿ ಗಾಯವಾದ ಹೊತ್ತು, ಟ್ಯೂಬಿನಲ್ಲಿ ಬಂದ ರಕ್ತ, ಕೊಟ್ಟ ಔಷಧಿಯ ಸಮಯ, ಬ್ಲಡ್ ಗ್ರೂಪ್ ಬರೆಯಿರಿ.