ಕಡಕ್ ರೊಟ್ಟಿ ಯಾರಿಗೆ ಮಾರುತ್ತೀರಿ?

ಬೆಂಗಳೂರಿನಲ್ಲಿ ಜೋಳದ ಕಡಕ್ ರೊಟ್ಟಿ ಮಾರಲು ಹೊರಟ ಸ್ವಸಹಾಯ ಸಂಘದವರನ್ನು ‘ನಿಮ್ಮ ಗಿರಾಕಿ ಯಾರು?’ ಎಂದು ಕೇಳಿ. ‘ಎಲ್ಲರೂ’ ಅನ್ನುತ್ತಾರೆ. ಎಡವುವುದೇ ಅಲ್ಲಿ. ಪಿ.ಜಿ.ಯಲ್ಲಿರುವ ವಿಜಯಪುರದ ಹುಡುಗ, ಮನೆ ಮಾಡಿಕೊಂಡಿರುವ ಕಲಬುರಗಿಯ ಕುಟುಂಬ, ಅನ್ನ ಕಡಿಮೆ ಮಾಡಲು ಹೊರಟ ಮೈಸೂರು ಕಡೆಯ ಹಿರಿಯರು, ದಿನಾ ನೂರು ರೊಟ್ಟಿ ಎತ್ತುವ ಖಾನಾವಳಿ: ರೊಟ್ಟಿ ಒಂದೇ, ಕೊಳ್ಳುವ ಕಾರಣ ನಾಲ್ಕು.

ಮೊದಲು, ಈಗಾಗಲೇ ಕೊಂಡಿರುವ 30–40 ಜನರ ಪಟ್ಟಿ ಮಾಡಿ. ವಯಸ್ಸು ಬರೆದುಕೊಂಡು ಪ್ರಯೋಜನವಿಲ್ಲ. ಒಂದು ಸಲಕ್ಕೆ ಎಷ್ಟು ಕೊಂಡರು, ಎಷ್ಟು ದಿನಕ್ಕೆ ಮತ್ತೆ ಬಂದರು, ಜೊತೆಗೆ ಏನು ಕೇಳಿದರು, ನೀವು ಸಿಗದಿದ್ದರೆ ಎಲ್ಲಿಂದ ತರಿಸುತ್ತಿದ್ದರು ಎಂಬುದನ್ನು ಬರೆಯಿರಿ. ಕೊನೆಯ ಪ್ರಶ್ನೆಯೇ ಜೀವಾಳ. ‘ಊರಿಂದ ಬಸ್ಸಿಗೆ ಹಾಕಿಸ್ತಾರ’ ಎಂದವರ ವಿಷಯದಲ್ಲಿ ನಿಮ್ಮ ಪೈಪೋಟಿ ಅಂಗಡಿಯೊಂದಿಗಲ್ಲ, ಅವರ ಅವ್ವನೊಂದಿಗೆ. ರುಚಿಯಲ್ಲಿ ಆಕೆಯನ್ನು ಗೆಲ್ಲಲಾರಿರಿ. ಬೇಕೆಂದ ದಿನವೇ ತಲುಪಿಸಿ ಗೆಲ್ಲಬಹುದು.

ಆಮೇಲೆ ಒಂದೇ ಗುಂಪನ್ನು ಆರಿಸಿ, ರೊಟ್ಟಿ ತಲುಪಿಸುವ ಓಡಾಟದ ಲೆಕ್ಕ ಹಾಕಿ. ಹುಡುಗನೊಬ್ಬ ವಾರಕ್ಕೆ 10 ರೊಟ್ಟಿ ಕೊಂಡರೆ ತಿಂಗಳಿಗೆ 40, ಓಡಾಟ ನಾಲ್ಕು. ಕುಟುಂಬ ಒಮ್ಮೆಗೇ 50 ಕೊಂಡರೆ ಓಡಾಟ ಒಂದೇ. ಆದರೆ ಒಂದೇ ಪಿ.ಜಿ.ಯಲ್ಲಿ ಎಂಟು ಹುಡುಗರು ಸಿಕ್ಕರೆ ಒಂದು ಓಡಾಟಕ್ಕೆ 80; ಲೆಕ್ಕವೇ ತಿರುಗಿಬಿಡುತ್ತದೆ. ಖಾನಾವಳಿಯಲ್ಲಿ ಲಾಭ ತೆಳು, ಸಾಲ ಜಾಸ್ತಿ. ಆರಂಭದಲ್ಲಿ ಆ ಕಡೆ ಹೋಗದಿರುವುದೇ ಒಳ್ಳೆಯದು.

ಪೊಟ್ಟಣವೂ ಗುಂಪಿಗೆ ತಕ್ಕಂತೆ ಇರಬೇಕು. ಹುಡುಗರ ಬಳಿ ಒಲೆಯಿಲ್ಲ. 10 ರೊಟ್ಟಿಯ ಜೊತೆ 50 ಗ್ರಾಂ ಶೇಂಗಾ ಹಿಂಡಿ ಇಟ್ಟರೆ ಊಟವಾಯಿತು. ಕುಟುಂಬಕ್ಕೆ 25ರ ಕಟ್ಟು, ಮೇಲೆ ಕೆಳಗೆ ರಟ್ಟು. ಇಲ್ಲವಾದರೆ ದಾರಿಯಲ್ಲಿ ಅಂಚು ಮುರಿಯುತ್ತದೆ. ಪೂರ್ತಿ ಆರುವ ಮೊದಲೇ ಕಟ್ಟಿದರೆ ಹಬೆ ಕೂತು ರೊಟ್ಟಿ ಮೆತ್ತಗಾಗುತ್ತದೆ, ಬೂಸ್ಟೂ ಹಿಡಿದೀತು.

ಮಾತಿನಲ್ಲಿ ತಪ್ಪುವವರೇ ಹೆಚ್ಚು. ಮೈಸೂರು ಕಡೆಯವರಿಗೆ ‘ಹಿಂಡಿ’ ಎಂದರೆ ದನಕ್ಕೆ ಇಡುವಂಥದ್ದು. ಅವರ ಪೊಟ್ಟಣದ ಮೇಲೆ ‘ಕಡಲೆಕಾಯಿ ಚಟ್ನಿಪುಡಿ’ ಎಂದೇ ಬರೆಯಿರಿ. ಕಡಕ್ ರೊಟ್ಟಿಯನ್ನು ಹಪ್ಪಳದಂತೆ ಮುರಿದು ತಿಂದು ‘ಗಟ್ಟಿ’ ಎನ್ನುವವರೂ ಅವರೇ. ನೀರು ಚಿಮುಕಿಸಿ ಬಟ್ಟೆಯಲ್ಲಿ ಸುತ್ತಿಟ್ಟರೆ ಮೆತ್ತಗಾಗುತ್ತದೆ ಎಂದು ಚೀಟಿ ಹಾಕಿ. ವಿಜಯಪುರದವರಿಗೆ ಅದೇ ಚೀಟಿ ಹಾಕಿದರೆ ನಕ್ಕಾರು. ಮಧುಮೇಹ ವಾಸಿಮಾಡುತ್ತದೆ ಎಂದಂತೂ ಬರೆಯಲೇಬೇಡಿ: ಆಹಾರ ರೋಗ ಗುಣಪಡಿಸುತ್ತದೆ ಎಂದು ಹೇಳಿಕೊಳ್ಳುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2018ರ ಜಾಹೀರಾತು ನಿಯಮಗಳು ತಡೆಯುತ್ತವೆ. ಜೋಳದಲ್ಲೂ ಪಿಷ್ಟ ಇದ್ದೇ ಇದೆ.

ಇನ್ನು, ಯಾವ ಸಂದೇಶಕ್ಕೆ ಗಿರಾಕಿ ಬರುತ್ತಾರೆಂಬ ಪರೀಕ್ಷೆ. ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿ 256 ಜನರಿಗೆ ಮುಗಿಯುತ್ತದೆ. ನಿಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಸಂದೇಶ ಹೋಗುವುದೇ ಇಲ್ಲ. ‘ಕಳಿಸಿದೆವು, ಯಾರೂ ಕೇಳಲಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ. ಪೊಟ್ಟಣ ಕೊಡುವಾಗಲೇ ನಂಬರ್ ಸೇವ್ ಮಾಡಿಸಿ. ನೀವು ಆರಿಸಿದ ಗುಂಪಿನ 50 ಜನರಿಗೆ ಒಂದು ಸಂದೇಶ, ಇನ್ನು 50 ಜನರಿಗೆ ಇನ್ನೊಂದು, ಅದೇ ದಿನ ಅದೇ ಹೊತ್ತಿಗೆ ಕಳಿಸಿ. ಬದಲಾಗುವುದು ಒಂದೇ ಅಂಶವಿರಲಿ: ಬೆಲೆ ಅಥವಾ ಚಿತ್ರ. ಎರಡನ್ನೂ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯದು. ಎಣಿಸಬೇಕಾದ್ದು ಸಂದೇಶ ಓದಿದ್ದನ್ನು ತೋರಿಸುವ ನೀಲಿ ಟಿಕ್‌ಗಳನ್ನಲ್ಲ, ಹಣ ಕಳಿಸಿದವರನ್ನು.

ನಂಬರ್ ಪಟ್ಟಿ ದುಡ್ಡು ಕೊಟ್ಟು ಕೊಳ್ಳಬೇಡಿ. ಗೊತ್ತಿಲ್ಲದವರು ರಿಪೋರ್ಟ್ ಮಾಡುತ್ತಾ ಹೋದರೆ ಖಾತೆಯೇ ನಿಂತುಹೋದೀತು.

ಎಳ್ಳ ಅಮಾವಾಸ್ಯೆಗೆ ಉತ್ತರ ಕರ್ನಾಟಕದವರ ಪಟ್ಟಿಗೆ ಮಾತ್ರ ಹತ್ತು ದಿನ ಮೊದಲೇ ಸಜ್ಜೆ ರೊಟ್ಟಿಯ ಸಂದೇಶ ಕಳಿಸಿ, ಮುಂಗಡ ಪಡೆಯಿರಿ. ಹಿಂದಿನ ದಿನ ಕಳಿಸಿದರೆ, ಅಷ್ಟರಲ್ಲಿ ಅವ್ವನ ಗಂಟು ಬಸ್ಸೇರಿರುತ್ತದೆ.